ಸ್ಟೇದ್ಸ್ ಮತ್ತು ರಾಬಿನ್ ಹುಡ್ಸ್ ಬೇ: ಯಾವ ಊರಿಗೆ, ಯಾವ ತಿಥಿಗೆ?

ಇಂಗ್ಲೆಂಡಿನ ನಾರ್ತ್ ಯಾರ್ಕ್‌ಷೈರ್ ಕರಾವಳಿಯಲ್ಲಿ ವಿಟ್ಬಿ ಎಂಬ ಬಂದರು ಪಟ್ಟಣವಿದೆ. ಅದರಿಂದ ವಾಯವ್ಯಕ್ಕೆ ಸುಮಾರು 16 ಕಿ.ಮೀ. ಹೋದರೆ ಸ್ಟೇದ್ಸ್, ಆಗ್ನೇಯಕ್ಕೆ ಸುಮಾರು 8 ಕಿ.ಮೀ. ಹೋದರೆ ರಾಬಿನ್ ಹುಡ್ಸ್ ಬೇ. ಎರಡೂ ಹಳೆಯ ಮೀನುಗಾರರ ಊರುಗಳು, ಎರಡೂ ನಾರ್ತ್ ಯಾರ್ಕ್ ಮೂರ್ಸ್ ರಾಷ್ಟ್ರೀಯ ಉದ್ಯಾನದೊಳಗಿವೆ. ಫೋಟೋದಲ್ಲಿ ಇಟ್ಟು ನೋಡಿದರೆ ಯಾವುದು ಯಾವುದೆಂದು ಗೊಂದಲವಾಗುವಷ್ಟು ಹೋಲಿಕೆ: ಕಡಿದಾದ ಕಂದರ, ಅದರೊಳಗೆ ಒಂದರ ಹೆಗಲ ಮೇಲೊಂದು ಕೂತಂತಿರುವ ಮನೆಗಳು, ಕೆಂಪು ಹಂಚಿನ ಮಾಡು, ಕಲ್ಲು ಹಾಸಿದ ಓಣಿ, ಓಣಿ ಮುಗಿದಲ್ಲಿ ಕಡಲು.

ಹಾಗಾಗಿ ಹೆಚ್ಚಿನವರು ಯಾವ ಮನೆ ಖಾಲಿ ಸಿಕ್ಕಿತೋ ಆ ಊರಿಗೆ ಬುಕ್ ಮಾಡಿಬಿಡುತ್ತಾರೆ. ಆಮೇಲೆ ಬೇಸರವಾಗುವುದು ಊರಿನಿಂದಲ್ಲ, ಹೋದ ದಿನದಿಂದ. ರಾಬಿನ್ ಹುಡ್ಸ್ ಬೇಗೆ ಮಧ್ಯಾಹ್ನ ತುಂಬು ಉಬ್ಬರದಲ್ಲಿ ಬಂದಿಳಿದ ಕುಟುಂಬಕ್ಕೆ ಕಡಲತೀರವೇ ಕಾಣುವುದಿಲ್ಲ. ದೋಣಿ ಇಳಿಸುವ ಇಳಿಜಾರಿನ ಬುಡಕ್ಕೆ ನೀರು ಬಡಿಯುತ್ತಿರುತ್ತದೆ, ಮಕ್ಕಳು ಬಕೆಟ್ ಹಿಡಿದು ನಿಂತಿರುತ್ತಾರೆ. ಅದೇ ಹೊತ್ತಿಗೆ ಸ್ಟೇದ್ಸ್‌ನಲ್ಲಿ ಬಂದರು ತುಂಬಿ, ದೋಣಿಗಳು ತೇಲಿ, ಊರು ತನ್ನ ಅತ್ಯಂತ ಚೆಂದದ ರೂಪದಲ್ಲಿರುತ್ತದೆ. ಈ ಎರಡರ ನಡುವಿನ ಆಯ್ಕೆ ಅರ್ಧ ಪಾಲು ಉಬ್ಬರ-ಇಳಿತದ್ದು, ಕಾಲು ಪಾಲು ಮೊಣಕಾಲಿನದ್ದು. ಉಳಿದ ಕಾಲು ಪಾಲು ಮಾತ್ರ ರುಚಿಯದ್ದು.

ಕಡಲು ಎಷ್ಟು ಹಿಂದೆ ಸರಿಯುತ್ತದೆ

ಕಾರವಾರ, ಮಲ್ಪೆಯ ಕಡಲು ನೋಡಿ ಬೆಳೆದವರಿಗೆ ಉತ್ತರ ಸಮುದ್ರದ ಲೆಕ್ಕ ಮೊದಲಿಗೆ ನಂಬಲು ಕಷ್ಟ. ವಿಟ್ಬಿಯಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ನೀರಿನ ಮಟ್ಟ ಸರಾಸರಿ 4.6 ಮೀಟರ್ ಏರಿಳಿಯುತ್ತದೆ. ಅಂದರೆ ಒಂದೂವರೆ ಮಹಡಿಯ ಎತ್ತರ, ಸುಮಾರು ಆರು ತಾಸಿನಲ್ಲಿ. ಸಣ್ಣ ಉಬ್ಬರದ ದಿನಗಳಲ್ಲಿ ಇದು 2.2 ಮೀಟರಿಗೆ ಇಳಿಯುತ್ತದೆ. ಒಂದೇ ಜಾಗ, ಒಂದು ವಾರದ ಅಂತರ, ಎರಡು ಪಟ್ಟು ವ್ಯತ್ಯಾಸ.

ದೊಡ್ಡ ಉಬ್ಬರ ಬರುವುದು ಅಮಾವಾಸ್ಯೆ ಮತ್ತು ಹುಣ್ಣಿಮೆಯಾದ ಒಂದೆರಡು ದಿನಕ್ಕೆ. ಸೂರ್ಯ ಚಂದ್ರರು ಒಂದೇ ಸಾಲಿನಲ್ಲಿ ನಿಂತು ಎಳೆಯುವ ಹೊತ್ತು ಅದು. ಅಷ್ಟಮಿ ಕಳೆದ ಒಂದೆರಡು ದಿನಕ್ಕೆ ಸಣ್ಣ ಉಬ್ಬರ. ಇಷ್ಟು ಕರಾವಳಿಯವರಿಗೆಲ್ಲ ಗೊತ್ತು. ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು ಇನ್ನೊಂದಿದೆ: ಒಂದು ಊರಿನಲ್ಲಿ ದೊಡ್ಡ ಉಬ್ಬರ ಯಾವಾಗ ಬಂದರೂ ದಿನದ ಹೆಚ್ಚು ಕಡಿಮೆ ಅದೇ ಗಂಟೆಗೆ ಬರುತ್ತದೆ. ಉಬ್ಬರದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತ ಹದಿನೈದು ದಿನಕ್ಕೆ ಮತ್ತೆ ಅಲ್ಲಿಗೇ ಬಂದು ಸೇರುವುದರಿಂದ ಹೀಗಾಗುತ್ತದೆ. ಈ ಕರಾವಳಿಯಲ್ಲಿ ಬೇಸಿಗೆಯ ಗಡಿಯಾರದ ಪ್ರಕಾರ ದೊಡ್ಡ ಉಬ್ಬರ ಬೆಳಗಿನ ಜಾವ ಮತ್ತು ಸಂಜೆ ಐದಾರು ಗಂಟೆಯ ಆಸುಪಾಸು. ದೊಡ್ಡ ಇಳಿತ ನಡುಹಗಲಿಗೆ. ಅಷ್ಟಮಿಯ ನಂತರದ ದಿನಗಳಲ್ಲಿ ಇದು ತಿರುಗುಮುರುಗು: ನಡುಹಗಲಿಗೆ ನೀರು ತುಂಬಿರುತ್ತದೆ, ಇಳಿತ ಸಂಜೆಗೆ ಹೋಗುತ್ತದೆ.

ಆದ್ದರಿಂದ ರಜೆಯ ದಿನಾಂಕ ಮೊದಲೇ ಗೊತ್ತಿದ್ದರೆ ಪಂಚಾಂಗ ತೆರೆದು ನೋಡಿ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಮರುದಿನದಿಂದ ನಾಲ್ಕು ದಿನ ನಿಮ್ಮ ರಜೆಯೊಳಗೆ ಬರುತ್ತಿದ್ದರೆ ರಾಬಿನ್ ಹುಡ್ಸ್ ಬೇ. ನವಮಿ, ದಶಮಿ, ಏಕಾದಶಿ ಬರುತ್ತಿದ್ದರೆ ಸ್ಟೇದ್ಸ್. ಹೊರಡುವ ವಾರ ಮಾತ್ರ ನಿಖರ ವೇಳೆ ನೋಡಲೇಬೇಕು. ಬ್ರಿಟನ್ನಿನ ಜಲಮಾಪನ ಕಚೇರಿಯ ಈಸಿಟೈಡ್ ಎಂಬ ಸೇವೆ ಮುಂದಿನ ಏಳು ದಿನದ ವೇಳೆಯನ್ನು ಪುಕ್ಕಟೆ ಕೊಡುತ್ತದೆ, ಅದರಲ್ಲಿ ವಿಟ್ಬಿ ಆರಿಸಿ. ಅಚ್ಚಾದ ಕಿರುಹೊತ್ತಗೆ ಕೊಂಡರೆ ಅದು ಗ್ರೀನಿಚ್ ವೇಳೆಯಲ್ಲಿದೆಯೋ ಬೇಸಿಗೆ ವೇಳೆಯಲ್ಲಿದೆಯೋ ನೋಡಿ. ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಗ್ರೀನಿಚ್ ವೇಳೆಗೆ ಒಂದು ತಾಸು ಸೇರಿಸಬೇಕು. ಒಂದು ತಾಸಿನ ತಪ್ಪೂ ಎಷ್ಟು ದುಬಾರಿ ಎಂದು ಮುಂದೆ ಗೊತ್ತಾಗುತ್ತದೆ.

ಬೇ: ನೀರು ಇಳಿದ ಮೇಲೆ ತೆರೆಯುವ ಊರು

ರಾಬಿನ್ ಹುಡ್ಸ್ ಬೇಯನ್ನು ಸ್ಥಳೀಯರು ಬರೀ ‘ಬೇ’ ಎನ್ನುತ್ತಾರೆ. ರಾಬಿನ್ ಹುಡ್ ಇಲ್ಲಿಗೆ ಬಂದಿದ್ದನೆಂಬುದಕ್ಕೆ ಯಾವ ಪುರಾವೆಯೂ ಇಲ್ಲ, ಆ ಆಸೆಯಿಂದ ಹೋಗಬೇಡಿ. 16ನೇ ಶತಮಾನದಲ್ಲಿ ದೇಶ ಸುತ್ತಿ ಟಿಪ್ಪಣಿ ಬರೆದ ಜಾನ್ ಲೇಲಂಡ್ ಇದನ್ನು 20 ದೋಣಿಗಳ ಮೀನುಗಾರರ ಪುಟ್ಟ ಊರು ಎಂದಿದ್ದಾನೆ. 18ನೇ ಶತಮಾನಕ್ಕೆ ಬರುವಾಗ ಮೀನಿಗಿಂತ ಕಳ್ಳಸಾಗಣೆಗೆ ಹೆಸರಾಯಿತು. ಚಹಾ, ಜಿನ್, ಬ್ರಾಂದಿ, ತಂಬಾಕು, ರೇಷ್ಮೆ ಎಲ್ಲ ಇಲ್ಲಿ ಇಳಿಯುತ್ತಿದ್ದವು. ಚಹಾಕ್ಕೆ ಕಳ್ಳಸಾಗಣೆಯೇಕೆ ಅನ್ನಿಸಬಹುದು. 1784ರವರೆಗೆ ಬ್ರಿಟನ್ನಿನಲ್ಲಿ ಚಹಾದ ಮೇಲೆ ಶೇ. 119ರಷ್ಟು ಸುಂಕವಿತ್ತು, ಆ ವರ್ಷ ಅದನ್ನು ಶೇ. 12.5ಕ್ಕೆ ಇಳಿಸಿದರು. ಮನೆಗಳು ಎಷ್ಟು ಒತ್ತಾಗಿವೆಯೆಂದರೆ ಒಂದು ಗಂಟು ಸರಕು ಕಡಲ ದಡದಿಂದ ಗುಡ್ಡದ ನೆತ್ತಿಯವರೆಗೆ ಬಯಲು ಕಾಣದೆ ಮನೆಯಿಂದ ಮನೆಗೇ ದಾಟಿ ಹೋಗುತ್ತಿತ್ತೆಂದು ಹೇಳುವುದುಂಟು. ಓಣಿಗಳಲ್ಲಿ ಒಮ್ಮೆ ನಡೆದರೆ ಇದು ಬರೀ ಕಟ್ಟುಕತೆ ಅನ್ನಿಸುವುದಿಲ್ಲ.

ಆದರೆ ಬೇಯ ನಿಜವಾದ ಆಸ್ತಿ ನೀರಿನ ಕೆಳಗಿದೆ. ಇಳಿತದಲ್ಲಿ ಊರಿನ ಮುಂದೆ ವಿಶಾಲವಾದ ಕಲ್ಲುಹಾಸು ಎದ್ದು ಬರುತ್ತದೆ. ಜುರಾಸಿಕ್ ಕಾಲದ ಆರಂಭದ ಪದರಗಲ್ಲು ಇದು. ಒಂದು ಕಾಲಕ್ಕೆ ಗುಮ್ಮಟದಂತೆ ಉಬ್ಬಿದ್ದ ಪದರಗಳ ನೆತ್ತಿಯನ್ನು ಅಲೆ ಸವೆಸಿಬಿಟ್ಟಿದೆ. ಈರುಳ್ಳಿಯನ್ನು ಅಡ್ಡಕ್ಕೆ ಕೊಯ್ದಾಗ ಉಂಗುರ ಕಾಣುವ ಹಾಗೆ, ಗಟ್ಟಿ ಪದರಗಳು ಬಿಲ್ಲಿನಾಕಾರದ ಏಣುಗಳಾಗಿ ಉಳಿದಿವೆ, ಮೆತ್ತನೆಯವು ಸವೆದು ನಡುವೆ ಕಾಲುವೆಯಾಗಿವೆ. ಕಾಲುವೆಗಳಲ್ಲಿ ಉಳಿದ ನೀರಿನಲ್ಲಿ ಏಡಿ, ಕಡಲ ಹೂವು, ಸಣ್ಣ ಮೀನು. ಏಣುಗಳ ಮೇಲೆ ಸುರುಳಿ ಚಿಪ್ಪಿನ ಅಮೊನೈಟ್ ಪಳೆಯುಳಿಕೆ. ಸಡಿಲವಾಗಿ ಬಿದ್ದ ಕಲ್ಲಿನಲ್ಲಿ ಹುಡುಕಿ, ಬಂಡೆಗೋಡೆಗೆ ಸುತ್ತಿಗೆ ಹಾಕಬೇಡಿ. ಗೋಡೆ ಮೊದಲೇ ಸಡಿಲ, ಕಲ್ಲು ಉದುರುವುದು ಸುತ್ತಿಗೆ ಹಿಡಿದವನ ತಲೆ ಮೇಲೇ.

ಅಪಾಯವೂ ಆ ಏಣು-ಕಾಲುವೆಗಳಲ್ಲೇ ಇದೆ. ನೀರು ಏರುವಾಗ ಎದುರಿನಿಂದ ಅಲೆ ನುಗ್ಗಿ ಬರುತ್ತದೆಂದು ಎಲ್ಲರೂ ಎದುರಿಗೆ ನೋಡುತ್ತಿರುತ್ತಾರೆ. ಇಲ್ಲಿ ನೀರು ಮೊದಲು ತಗ್ಗಿನ ಕಾಲುವೆಗಳಲ್ಲಿ ಸದ್ದಿಲ್ಲದೆ ಹರಿದು ನಿಮ್ಮ ಬೆನ್ನ ಹಿಂದೆ ತುಂಬುತ್ತದೆ. ನಿಂತ ಏಣು ಒಣಗಿಯೇ ಇರುತ್ತದೆ, ದಡಕ್ಕೆ ಹೋಗುವ ದಾರಿ ಮಾತ್ರ ಇರುವುದಿಲ್ಲ. ಏರುವ ವೇಗವೂ ಒಂದೇ ಸಮ ಇರುವುದಿಲ್ಲ. ಹನ್ನೆರಡನೇ ಒಂದು ಪಾಲಿನ ಲೆಕ್ಕ ಅಂತ ನಾವಿಕರು ಬಳಸುವ ಅಂದಾಜಿದೆ: ಇಳಿತದ ನಂತರದ ಮೊದಲ ತಾಸಿನಲ್ಲಿ ಒಟ್ಟು ಏರಿಕೆಯ 12ರಲ್ಲಿ 1 ಪಾಲು, ಎರಡನೆಯದರಲ್ಲಿ 2, ಮೂರು ಮತ್ತು ನಾಲ್ಕನೆಯದರಲ್ಲಿ ತಲಾ 3, ಆಮೇಲೆ 2, ಕೊನೆಗೆ 1. ದೊಡ್ಡ ಉಬ್ಬರದ ದಿನ ನಡುವಿನ ಎರಡೇ ತಾಸಿನಲ್ಲಿ 2.3 ಮೀಟರ್ ನೀರು ಏರುತ್ತದೆ, ಅಂದರೆ ಆಳಿಗಿಂತ ಎತ್ತರ. ಹೆಚ್ಚುಕಮ್ಮಿ ಸಪಾಟಾಗಿರುವ ಕಲ್ಲುಹಾಸಿನ ಮೇಲೆ ಅಷ್ಟು ಏರಿಕೆ ಎಂದರೆ ದಡದ ಕಡೆಗೆ ನೂರಾರು ಹೆಜ್ಜೆ.

ಉದಾಹರಣೆಗೆ ಇಳಿತ 12:30ಕ್ಕೆ ಇದೆಯೆನ್ನಿ. 11 ಗಂಟೆಗೆ ಇಳಿಜಾರಿನಿಂದ ಹೊರಡಿ, ನೀರು ಹಿಂದೆ ಸರಿಯುತ್ತಿರುವಾಗ ಅದರ ಹಿಂದೆ ಹೋಗಿ. 12:30ಕ್ಕೆ, ಏನೇ ಸಿಕ್ಕಿದ್ದರೂ, ಮುಖ ತಿರುಗಿಸಿ. 2 ಗಂಟೆಯೊಳಗೆ ಮತ್ತೆ ಇಳಿಜಾರಿನಲ್ಲಿರಿ. ಬಾಗಲ್ ಹೋಲ್ ಎಂಬ ಕೊರಕಲು ಬೇಯಿಂದ ದಕ್ಷಿಣಕ್ಕೆ ದಡದ ಮೇಲೆ ಸುಮಾರು ಒಂದು ಕಿ.ಮೀ. ಹಳೆಯ ಗಿರಣಿ ಈಗ ಅಲ್ಲಿ ಯೂತ್ ಹಾಸ್ಟೆಲ್ ಆಗಿದೆ. ಅಲ್ಲಿಗೆ ತಲುಪಿಬಿಟ್ಟರೆ ಮೇಲಿನ ಗುಡ್ಡದ ದಾರಿಯಿಂದ ವಾಪಸಾಗಬಹುದು, ದಡದಲ್ಲೇ ಬರಬೇಕೆಂಬ ಹಟ ಬೇಡ. ಅದರಾಚೆ ರೇವನ್ಸ್‌ಕಾರ್ ಕಡೆಗೆ ದಡದಲ್ಲಿ ಹೋಗುವುದಾದರೆ ಮೇಲೆ ಹತ್ತುವ ಜಾಗಗಳು ಕಡಿಮೆ. ಸಿಕ್ಕಿಹಾಕಿಕೊಂಡರೆ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಎಂದು ಕೇಳಬೇಕು. ಬಂಡೆಗೋಡೆ ಹತ್ತಲು ಹೋಗುವುದು ಕಾಯುವುದಕ್ಕಿಂತ ಕೆಟ್ಟದ್ದು.

ಸ್ಟೇದ್ಸ್: ಕೂತು ನೋಡುವ ಊರು

ಸ್ಟೇದ್ಸ್‌ನಲ್ಲಿ ಕಡಲಿಗಿಂತ ಬಂದರು ಮುಖ್ಯ. ಹೆಸರಿನ ಅರ್ಥವೇ ದೋಣಿ ತಂಗುವ ಕಟ್ಟೆ. ಸ್ಥಳೀಯರ ಬಾಯಲ್ಲಿ ಇದು ‘ಸ್ಟಿಯರ್ಸ್’. ಊರಿನ ನಡುವೆ ಒಂದು ಹಳ್ಳ ಹರಿದು ಬಂದರು ಸೇರುತ್ತದೆ. ಹಳ್ಳದ ಆಚೆ ದಡ ಕೌಬಾರ್. ಎರಡು ಅಲೆತಡೆ ಗೋಡೆಗಳು ಕೈಚಾಚಿ ಬಂದರನ್ನು ಒಳಗೆ ಹಿಡಿದಿವೆ. ಇಳಿತದಲ್ಲಿ ಒಳಗೊಂದು ಪುಟ್ಟ ಮರಳ ದಡ ಕಾಣುತ್ತದೆ, ಚಿಕ್ಕ ಮಕ್ಕಳಿಗೆ ಒಂದು ಮಧ್ಯಾಹ್ನಕ್ಕೆ ಸಾಕು. ಮಳೆ ಬಂದ ಮರುದಿನ ಮಾತ್ರ ಇಲ್ಲಿ ನೀರಿಗಿಳಿಯಬೇಡಿ. ಹಳ್ಳ ಮೇಲಿನ ಹೊಲಗದ್ದೆಗಳ ಕೊಳೆಯನ್ನೆಲ್ಲ ತಂದು ಇದೇ ಬಂದರಿಗೆ ಸುರಿಯುತ್ತದೆ. ಈಜಲೇಬೇಕೆಂದರೆ ಬೇ ಮೇಲು, ಅದು ಸರಕಾರ ನೀರಿನ ಗುಣಮಟ್ಟ ಪರೀಕ್ಷಿಸುವ ಈಜುತೀರಗಳ ಪಟ್ಟಿಯಲ್ಲಿದೆ. ಕಡಲು ಬೆಚ್ಚಗಿರುತ್ತದೆಂದು ಮಾತ್ರ ಎಲ್ಲಿಯೂ ತಿಳಿಯಬೇಡಿ. ಆಗಸ್ಟ್‌ನಲ್ಲೂ 14-15 ಡಿಗ್ರಿ, ಮಾರ್ಚ್‌ನಲ್ಲಿ 6ರ ಸುತ್ತ.

ಹಳ್ಳದ ಕಾಲುಸೇತುವೆ ದಾಟಿ ಕೌಬಾರ್ ಕಡೆ ಏರಿ ಹಿಂದಿರುಗಿ ನೋಡಿದರೆ ಪೋಸ್ಟ್‌ಕಾರ್ಡುಗಳಲ್ಲಿರುವ ನೋಟ. ಅದು ಉಬ್ಬರದಲ್ಲಿ ಚೆಂದ. ಇಳಿತದಲ್ಲಿ ಹಳ್ಳ ಬತ್ತಿ, ದೋಣಿಗಳು ಕೆಸರಿನ ಮೇಲೆ ಓರೆಯಾಗಿ ಮಲಗಿರುತ್ತವೆ. ಹಾಗೆ ಮಲಗಿದ್ದಾಗಲೇ ದೋಣಿಯನ್ನು ಹತ್ತಿರದಿಂದ ನೋಡಬೇಕು ಎನ್ನುವವರೂ ಇದ್ದಾರೆ, ಅವರ ಮಾತಲ್ಲೂ ಹುರುಳಿದೆ. ಕೋಬಲ್ ಎಂಬ ಈ ಕರಾವಳಿಯದೇ ದೋಣಿ ಮುಂದೆ ಒಂದು ಥರ, ಹಿಂದೆ ಇನ್ನೊಂದು ಥರ ಇರುತ್ತದೆ. ಮೂತಿ ಎತ್ತರ, ಅದರ ಕೆಳಭಾಗ ನೀರಿನಲ್ಲಿ ಆಳಕ್ಕೆ ಕಚ್ಚುತ್ತದೆ. ಹಿಂಭಾಗದ ಅಡಿ ಚಪ್ಪಟೆ. ಹಲಗೆಗಳನ್ನು ಒಂದರ ಅಂಚಿನ ಮೇಲೊಂದು ತುಸು ಹತ್ತಿಸಿ ಜಡಿದಿರುತ್ತಾರೆ. ಬಂದರಿಲ್ಲದ ದಡಕ್ಕಾಗಿ ಹುಟ್ಟಿದ ಆಕಾರ ಇದು. ಹೊರಡುವಾಗ ಎತ್ತರದ ಮೂತಿ ಅಲೆಯನ್ನು ಸೀಳುತ್ತದೆ, ಮರಳುವಾಗ ದೋಣಿಯನ್ನು ತಿರುಗಿಸಿ ಹಿಂಭಾಗದಿಂದ ದಡ ಹತ್ತಿಸುತ್ತಾರೆ. ಚಪ್ಪಟೆ ಅಡಿ ಮರಳ ಮೇಲೆ ಜಾರಿ ಬರುತ್ತದೆ, ಮೂತಿ ಆಗಲೂ ಅಲೆಗೇ ಎದುರಾಗಿರುತ್ತದೆ.

ಇತಿಹಾಸದ ಹೆಸರು ಬೇಕಾದವರಿಗೂ ಸ್ಟೇದ್ಸ್ ಮುಂದು. 1745ರಲ್ಲಿ ಹದಿನಾರರ ಹುಡುಗ ಜೇಮ್ಸ್ ಕುಕ್ ಇಲ್ಲಿನ ವಿಲಿಯಂ ಸ್ಯಾಂಡರ್ಸನ್ ಅಂಗಡಿಗೆ ಕೆಲಸಕ್ಕೆ ಸೇರಿದ. ಒಂದೂವರೆ ವರ್ಷಕ್ಕೆ ಅಂಗಡಿ ಬಿಟ್ಟು ವಿಟ್ಬಿಗೆ ಹೋಗಿ ಹಡಗು ಹತ್ತಿದವನು ಮುಂದೆ ಕ್ಯಾಪ್ಟನ್ ಕುಕ್ ಆದ. ಆ ಅಂಗಡಿಯನ್ನು ಕಡಲು ಕೊಚ್ಚಿಕೊಂಡು ಹೋಯಿತು. ಉಳಿದ ಸಾಮಗ್ರಿಯನ್ನು ಒಳಗಿನ ಓಣಿಯ ಒಂದು ಮನೆಗೆ ಬಳಸಿದ್ದಾರೆ, ಕುಕ್ ಕಾಟೇಜ್ ಎಂದು ತೋರಿಸುವುದು ಅದನ್ನೇ. 19ನೇ ಶತಮಾನದ ಕೊನೆಯಲ್ಲಿ ಚಿತ್ರಕಾರರ ಗುಂಪೊಂದು ಇಲ್ಲಿ ನೆಲೆಯೂರಿತ್ತು. ಅವರಲ್ಲೊಬ್ಬರಾದ ಲಾರಾ ನೈಟ್ 1936ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಗೆ ಪೂರ್ಣ ಸದಸ್ಯೆಯಾಗಿ ಚುನಾಯಿತರಾದ ಮೊದಲ ಮಹಿಳೆ.

ಒಂದು ಎಚ್ಚರಿಕೆ: ಸ್ಟೇದ್ಸ್ ದಡದ ಬಂಡೆಗೋಡೆಗಳ ಬುಡದಲ್ಲಿ ಕೂರಬೇಡಿ, ಗೋಡೆಯ ನೆರಳು ಎಷ್ಟೇ ತಂಪಾಗಿದ್ದರೂ. 2018ರ ಆಗಸ್ಟ್‌ನಲ್ಲಿ ಇಲ್ಲಿ ಉರುಳಿದ ಬಂಡೆಗೆ ಸಿಕ್ಕಿ ಬಾಲಕಿಯೊಬ್ಬಳು ತೀರಿಕೊಂಡಳು. ಪದರಗಲ್ಲಿನ ಬಿರುಕಿಗೆ ಮಳೆ ನೀರು ಇಳಿದು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿ, ಮತ್ತೆ ಕರಗಿ ಸಡಿಲವಾಗುತ್ತದೆ. ಬೀಳುವುದು ಬಿಸಿಲಿನ ದಿನವೂ ಆಗಬಹುದು. ಬೇಯಲ್ಲೂ ಇದೇ ಮಣ್ಣು, ಇದೇ ಕಲ್ಲು. 1780ರಲ್ಲಿ ಅಲ್ಲಿನ ಮುಖ್ಯ ರಸ್ತೆಯೇ ಮನೆಗಳ ಸಮೇತ ಕಡಲಿಗೆ ಜಾರಿತು. ಇವತ್ತಿನ ಇಳಿಜಾರು ರಸ್ತೆಗೆ ನ್ಯೂ ರೋಡ್ ಎಂಬ ಹೆಸರು ಬಂದದ್ದು ಹಾಗೆ, ಹೊಸದಾಗಿ ಇನ್ನೂರು ವರ್ಷ ಮೀರಿದ ಮೇಲೂ. 1975ರಲ್ಲಿ ಕಟ್ಟಿದ ಎತ್ತರದ ಕಾಂಕ್ರೀಟ್ ಕಡಲಗೋಡೆ ಈಗ ಊರನ್ನು ಹಿಡಿದಿಟ್ಟಿದೆ.

ಮೊಣಕಾಲು, ಮೂಟೆ, ಮನೆ

ಎರಡೂ ಊರುಗಳಲ್ಲಿ ಕಾರನ್ನು ಗುಡ್ಡದ ಮೇಲೆ ದುಡ್ಡು ಕೊಟ್ಟು ನಿಲ್ಲಿಸಿ ಕೆಳಗೆ ನಡೆಯಬೇಕು. ಹಳೆಯ ಊರಿನೊಳಗೆ ಹೊರಗಿನವರ ಕಾರಿಗೆ ಜಾಗವಿಲ್ಲ. ಇಳಿಯಲು ಹತ್ತು ನಿಮಿಷ, ಹತ್ತಲು ಹದಿನೈದು ಇಪ್ಪತ್ತು. ಆದರೆ ಕೆಳಗೆ ತಲುಪಿದ ಮೇಲೆ ವ್ಯತ್ಯಾಸವಿದೆ, ಇದನ್ನು ಯಾವ ಫೋಟೋವೂ ಹೇಳುವುದಿಲ್ಲ. ಸ್ಟೇದ್ಸ್‌ನಲ್ಲಿ ಒಮ್ಮೆ ಇಳಿದರೆ ಹೈಸ್ಟ್ರೀಟ್ ನಿಧಾನಕ್ಕೆ ಬಂದರಿನವರೆಗೆ ಹೋಗುತ್ತದೆ, ವಯಸ್ಸಾದವರು ಕೋಲು ಹಿಡಿದು ಸಂಜೆ ಅಡ್ಡಾಡಬಹುದು. ಬೇಯಲ್ಲಿ ಕೆಳಗಿನ ಊರೇ ಮೆಟ್ಟಿಲು. ಪಕ್ಕದ ಮನೆಗೆ ಹೋಗಲೂ ಹತ್ತಿಳಿಯಬೇಕು. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು, ಮಂಡಿನೋವಿದ್ದವರು ಬೇರೆ ಲೆಕ್ಕವನ್ನೆಲ್ಲ ಬದಿಗಿಟ್ಟು ಸ್ಟೇದ್ಸ್ ಆರಿಸಿ. ಬೇಯಲ್ಲೇ ಉಳಿಯಬೇಕಾದರೆ ಗುಡ್ಡದ ಮೇಲಿನ ಹೊಸ ಬಡಾವಣೆಯಲ್ಲಿ ಮನೆ ಹಿಡಿಯಿರಿ. ಅಲ್ಲಿ ಸೊಬಗು ಕಮ್ಮಿ, ಸುಖ ಹೆಚ್ಚು.

ಚಕ್ರದ ಸೂಟ್‌ಕೇಸ್ ಬೇಡ. ಕಲ್ಲುಹಾಸಿನ ಓಣಿಯಲ್ಲಿ ಚಕ್ರ ಉಳಿಯುವುದಿಲ್ಲ, ಮೆಟ್ಟಿಲಲ್ಲಿ ಹೇಗೂ ಹೊರಬೇಕು. ಒಂದು ದೊಡ್ಡದರ ಬದಲು ಎರಡು ಬೆನ್ನುಚೀಲ ತನ್ನಿ. ಸಾಮಾನು ಇಳಿಸಲು ಕಾರು ಕೆಳಗೆ ತರಬಹುದೇ, ಎಷ್ಟು ಹೊತ್ತು ನಿಲ್ಲಿಸಬಹುದು ಎಂದು ಮನೆಯವರನ್ನು ಬುಕ್ ಮಾಡುವ ಮೊದಲೇ ಕೇಳಿ. ಜೊತೆಗೆ ಇನ್ನೂ ಮೂರು ಪ್ರಶ್ನೆ: ರಸ್ತೆಯಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು, ಬಚ್ಚಲು ಯಾವ ಮಹಡಿಯಲ್ಲಿದೆ, ಒಳಗಿನ ಏಣಿಮೆಟ್ಟಿಲಿಗೆ ಹಿಡಿಕೆ ಇದೆಯೇ. ಮೀನುಗಾರರ ಈ ಮನೆಗಳು ಅಗಲದಲ್ಲಿ ಬೆಳೆಯಲು ಜಾಗವಿಲ್ಲದೆ ಎತ್ತರಕ್ಕೆ ಬೆಳೆದವು. ಒಂದೊಂದು ಮಹಡಿಗೆ ಒಂದೊಂದು ಕೋಣೆ, ನಡುವೆ ಏಣಿಯಂಥ ಮೆಟ್ಟಿಲು, ತಲೆಗೆ ತಾಗುವ ತೊಲೆ. ಜುಲೈ ಕೊನೆಯಿಂದ ಆಗಸ್ಟ್ ಪೂರ್ತಿ ಶಾಲೆಯ ರಜೆ, ಆಗ ಹೆಚ್ಚಿನ ಮನೆಗಳನ್ನು ಒಂದು ವಾರಕ್ಕಿಂತ ಕಡಿಮೆ ದಿನಕ್ಕೆ ಕೊಡುವುದಿಲ್ಲ. ಉಳಿದ ಕಾಲದಲ್ಲಿ ಮೂರು ನಾಲ್ಕು ರಾತ್ರಿಗೂ ಸಿಗುತ್ತವೆ.

ಕಾರಿಲ್ಲದವರಿಗೆ ಬೇ ಸುಲಭ. ಲಂಡನ್ನಿನಿಂದ ಯಾರ್ಕ್‌ಗೆ ರೈಲಿನಲ್ಲಿ ಎರಡು ತಾಸು, ಅಲ್ಲಿಂದ ಸ್ಕಾರ್ಬರೋಗೆ ಒಂದು ತಾಸಿನೊಳಗೆ, ಆಮೇಲೆ ವಿಟ್ಬಿ ಕಡೆಯ ಎಕ್ಸ್93 ಬಸ್ಸು. ಸ್ಟೇದ್ಸ್‌ಗೆ ವಿಟ್ಬಿ ಮತ್ತು ಮಿಡಲ್ಸ್‌ಬ್ರೋ ನಡುವೆ ಓಡುವ ಎಕ್ಸ್4. ಎರಡೂ ಊರಿಗೆ ಹಿಂದೆ ರೈಲಿತ್ತು. ಸ್ಟೇದ್ಸ್ ನಿಲ್ದಾಣ 1958ರಲ್ಲಿ, ಬೇ ನಿಲ್ದಾಣ 1965ರಲ್ಲಿ ಮುಚ್ಚಿದವು. ಬೇಯ ಹಳಿ ಕಿತ್ತ ಜಾಡು ಈಗ ಸಿಂಡರ್ ಟ್ರ್ಯಾಕ್ ಎಂಬ ಸೈಕಲ್ ದಾರಿ, ಸ್ಕಾರ್ಬರೋದಿಂದ ವಿಟ್ಬಿವರೆಗೆ ಸುಮಾರು 35 ಕಿ.ಮೀ. ತೆಳು ಟೈರಿನ ಸೈಕಲ್ ತರಬೇಡಿ, ಜಲ್ಲಿ ಹೆಚ್ಚು. ನಡೆಯುವವರಿಗೆ ಕ್ಲೀವ್ಲೆಂಡ್ ವೇ ಎಂಬ ಕಾಲುದಾರಿ ಎರಡೂ ಊರನ್ನು ಹಾದು ಹೋಗುತ್ತದೆ: ಸ್ಟೇದ್ಸ್‌ನಿಂದ ರನ್ಸ್‌ವಿಕ್ ಬೇಗೆ ಸುಮಾರು 5 ಕಿ.ಮೀ., ವಿಟ್ಬಿಯಿಂದ ಬೇಗೆ 11 ಕಿ.ಮೀ. ಆಸುಪಾಸು. ದಡದ ದಾರಿಯ ಹಾಗೆ ಇದಕ್ಕೆ ಉಬ್ಬರದ ಹಂಗಿಲ್ಲ.

ಮಂಜು, ಬೆಳಕು, ಊಟ

ಪೂರ್ವದ ಗಾಳಿ ಬೀಸಿದರೆ ಏಪ್ರಿಲ್‌ನಿಂದ ಬೇಸಿಗೆಯವರೆಗೂ ಕಡಲ ಮಂಜು ಕವಿಯುತ್ತದೆ, ಇಲ್ಲಿನವರು ಅದನ್ನು ಫ್ರೆಟ್ ಎನ್ನುತ್ತಾರೆ. ಬೆಚ್ಚನೆ ಗಾಳಿ ತಣ್ಣನೆ ಕಡಲ ಮೇಲೆ ಹಾದು ಬರುವಾಗ ಅದರ ತೇವ ಮಂಜಾಗುತ್ತದೆ. ದಡದಲ್ಲಿ ನಡುಹಗಲಿಗೂ ಸ್ವೆಟರ್ ಬೇಕು, ಹತ್ತು ಕಿ.ಮೀ. ಒಳಗಿನ ಗುಡ್ಡಗಾಡಿನಲ್ಲಿ ಕಣ್ಣು ಕುಕ್ಕುವ ಬಿಸಿಲು. ಅಂಥ ದಿನ ಮಂಜು ಕರಗಲೆಂದು ಕಾಯದೆ ಒಳನಾಡಿಗೆ ಹೋಗಿಬಿಡಿ.

ಬೇ ಪೂರ್ವಕ್ಕೆ ಮುಖ ಮಾಡಿದೆ, ಬೆನ್ನಿಗೆ ಗುಡ್ಡ. ಬೆಳಗಿನ ಬೆಳಕು ಅದ್ಭುತ, ಸಂಜೆ ಮಾತ್ರ ಸೂರ್ಯ ಮುಳುಗುವ ಎಷ್ಟೋ ಮೊದಲೇ ಊರಿಗೆ ನೆರಳು. ಜೂನ್‌ನಲ್ಲಿ ಬೆಳಗಾಗುವುದು ನಾಲ್ಕೂವರೆಗೆ, ಕತ್ತಲಾಗುವುದು ರಾತ್ರಿ ಹತ್ತರ ಮೇಲೆ. ಆ ನಾಲ್ಕೂವರೆಗೇ ಕಡಲಹಕ್ಕಿಗಳ ಗದ್ದಲ ಶುರು. ಸ್ಟೇದ್ಸ್‌ನಲ್ಲಿ ಕೌಬಾರ್ ಬಂಡೆಯ ತುಂಬ ಗೂಡುಗಳಿರುವುದರಿಂದ ಇದು ಇನ್ನೂ ಜೋರು. ಎಚ್ಚರ ನಿದ್ದೆಯವರು ಕಿವಿಗೆ ಹತ್ತಿ ಒಯ್ಯಲಿ.

ಅಂಗಡಿ, ಚಹಾ ಕೋಣೆ, ಪಬ್‌ಗಳ ಲೆಕ್ಕದಲ್ಲಿ ಬೇ ಮುಂದೆ, ಜನಜಂಗುಳಿಯಲ್ಲೂ. ಸ್ಟೇದ್ಸ್‌ನಲ್ಲಿ ಸಂಜೆಯ ಊಟಕ್ಕೆ ಆಯ್ಕೆ ಕಡಿಮೆ, ಮೊದಲೇ ಮೇಜು ಹೇಳಿಡಬೇಕು. ಸಸ್ಯಾಹಾರಿಗಳಿಗೆ ಒಂದು ಮಾತು: ಯಾರ್ಕ್‌ಷೈರ್‌ನ ಮೀನು-ಚಿಪ್ಸ್ ಅಂಗಡಿಗಳಲ್ಲಿ ಆಲೂಗಡ್ಡೆಯನ್ನೂ ದನದ ಕೊಬ್ಬಿನಲ್ಲಿ ಕರಿಯುವ ರೂಢಿ ಇದೆ. ಬರೀ ಚಿಪ್ಸ್ ಕೊಡಿ ಎಂದರೆ ಸಾಲದು, ಯಾವ ಎಣ್ಣೆ ಎಂದು ಕೇಳಿಯೇ ಕೊಳ್ಳಿ. ಕೊಂಡ ಮೇಲೆ ತೆರೆದ ಪೊಟ್ಟಣ ಹಿಡಿದು ಬಂದರಿನ ಕಟ್ಟೆಯ ಮೇಲೆ ಕೂರಬೇಡಿ, ಹಿಂದಿನಿಂದ ಎರಗುವ ಕಡಲಹಕ್ಕಿಗೆ ನಿಮ್ಮ ಬೆರಳು, ಚಿಪ್ಸು ಎರಡೂ ಒಂದೇ. ಗೋಡೆಗೆ ಬೆನ್ನು ಕೊಟ್ಟು ಕೂತರೆ ಅದು ಎದುರಿನಿಂದಲೇ ಬರಬೇಕಾಗುತ್ತದೆ.

ನಾಲ್ಕು ರಾತ್ರಿಗೂ ಮೀರಿ ಸಮಯವಿದ್ದರೆ ಆರಿಸುವ ತಲೆನೋವೇ ಬೇಡ. ಸ್ಟೇದ್ಸ್‌ನಲ್ಲಿ ಉಳಿದು, ಇಳಿತ ನಡುಹಗಲಿಗೆ ಬೀಳುವ ಒಂದು ದಿನ ಬೇಗೆ ಹೋಗಿ ಬನ್ನಿ. ಬಸ್ಸಾದರೆ ವಿಟ್ಬಿಯಲ್ಲಿ ಬದಲಾಯಿಸಬೇಕು. ವಾಪಸು ಬರುವಾಗ ಎಕ್ಸ್4ರ ಕೊನೆಯ ಬಸ್ಸಿನ ವೇಳೆಯನ್ನು ಬೆಳಗ್ಗೆಯೇ ಕಾಗದದ ಮೇಲೆ ಬರೆದುಕೊಳ್ಳಿ, ಕಂದರದೊಳಗೆ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ.